ಬೆಳ್ಳಿ ಇಳಿದ ಪದರ

ಪ್ರಯೋಗಾಲಯ ಸೇರಿದ ಮೊದಲ ಬೆಳಿಗ್ಗೆ ಅವಳು ನಮಸ್ಕಾರ ಹೇಳಿದಾಗ ಅವನು ತಲೆಯನ್ನೇ ಎತ್ತಲಿಲ್ಲ. ಎಷ್ಟು ಕೊಬ್ಬು ಅಂದುಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಅವನೇ ಬಂದು ನಿಂತ. "ಕ್ಷಮಿಸಿ. ಚಿಪ್ ಮೇಲೆ ಅಳೆಯೋ ಸೂಜಿ ಇಟ್ಟಿದ್ದೆ. ಉಸಿರಾಡಿದ್ರೂ ಅಲುಗುತ್ತೆ."

"ಈಗ ಉಸಿರಾಡಬಹುದಾ?"

ಅವನು ನಕ್ಕ. ಕನ್ನಡಕ ಮೂಗಿನ ತುದಿಗೆ ಜಾರಿತು. ಅದನ್ನು ಮೇಲೇರಿಸುವ ನೆಪದಲ್ಲಿ ಅವಳನ್ನು ಇನ್ನೊಮ್ಮೆ ನೋಡಿದ.

ಅಲ್ಲಿ ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಇಬ್ಬರೂ ಡಾಕ್ಟರೇಟ್ ಮುಗಿಸಿ ತಾತ್ಕಾಲಿಕ ಕೆಲಸಕ್ಕೆ ಬಂದವರು. ಕರೆಂಟ್ ಹೋದರೂ ಏನನ್ನೂ ಮರೆಯದ ಮೆಮೊರಿ ಚಿಪ್‌ಗೆ ಹೊಸ ವಸ್ತು ಹುಡುಕುವುದು ಅವರ ಗುಂಪಿನ ಕೆಲಸ. ಕೂದಲೆಳೆಗಿಂತ ಎಷ್ಟೋ ತೆಳುವಾದ ಆಕ್ಸೈಡ್ ಪದರವನ್ನು ಅವಳು ಬೆಳೆಸುತ್ತಿದ್ದಳು, ಅದು ನೆನಪಿಟ್ಟುಕೊಳ್ಳುತ್ತದೆಯೇ ಎಂದು ಅವನು ಅಳೆಯುತ್ತಿದ್ದ. ತಿಂಗಳುಗಟ್ಟಲೆ ಆ ಪದರ ಎಲ್ಲವನ್ನೂ ಮರೆಯುತ್ತಲೇ ಇತ್ತು. "ನಿಮ್ಮ ಹುಡುಗಿಗೆ ಇವತ್ತೂ ಏನೂ ನೆನಪಿಲ್ಲ" ಎಂದು ಅವನು ಮೆಲ್ಲಗೆ ಹೇಳುವುದನ್ನು ಕೇಳಲೆಂದೇ ಅವಳು ಅವನ ಮೇಜಿನ ಬಳಿ ಹೋಗುತ್ತಿದ್ದಳು.

ಉಳಿದ ಹೊತ್ತೆಲ್ಲ ಒಂಟಿ. ಸಂಜೆ ಅಕ್ಕ ಫೋನ್ ಮಾಡಿ "ಯಾರ ಜೊತೆ ಊಟ ಮಾಡಿದ್ಯೇ?" ಎಂದರೆ "ಎಲ್ಲರ ಜೊತೆ" ಎಂದು ಸುಳ್ಳು ಹೇಳಿ, ಬಾಡಿಗೆ ಕೋಣೆಯಲ್ಲಿ ಒಂದೇ ತಟ್ಟೆ ತೊಳೆದಿಡುತ್ತಿದ್ದಳು.

ಒಂದು ದಿನ ಪದರ ನೆನಪಿಟ್ಟುಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಇದು ಪ್ರಕಟವಾದ್ರೆ ನಿಮ್ಮ ಕೆಲಸಕ್ಕೆ ಭಯವಿಲ್ಲಮ್ಮ" ಎಂದರು ಮುಖ್ಯಸ್ಥರು. ಮೌನಿ ಮಾತ್ರ ನಗಲಿಲ್ಲ. ಮರುದಿನ ಮಧ್ಯಾಹ್ನ ಖಾಲಿ ಕಾರಿಡಾರಿನಲ್ಲಿ ಅವಳನ್ನು ತಡೆದ.

"ನೆನಪಿಟ್ಟುಕೊಳ್ತಿರೋದು ನಿಮ್ಮ ಪದರ ಅಲ್ಲ. ಕರೆಂಟ್ ಕೊಡೋಕೆ ಮೇಲೆ ಹಾಕಿರೋ ಬೆಳ್ಳಿ ಒಳಗೆ ಇಳೀತಿದೆ. ನೆನಪು ಅದರದ್ದು."

ಅವಳ ಮುಖ ಕಪ್ಪಿಟ್ಟಿತು. "ಯಾರಿಗೂ ಗೊತ್ತಾಗ್ತಿರಲಿಲ್ಲ. ಸುಮ್ಮನಿರಬಹುದಿತ್ತಲ್ಲ ನೀವು?"

"ಎಲ್ಲರ ಹತ್ರ ಸುಮ್ಮನೇ ಇರ್ತೀನಿ. ನಿಮ್ಮ ಹತ್ರ ಆಗಲ್ಲ."

ಆ ಮಾತಿನ ಅರ್ಥ ಹುಡುಕುವಷ್ಟು ಸಮಾಧಾನ ಅವಳಿಗಿರಲಿಲ್ಲ. ಮಾತು ಬಿಟ್ಟಳು. ಸ್ಯಾಂಪಲ್‌ಗಳನ್ನು ಬೇರೆಯವರ ಕೈಲಿ ಕಳಿಸಿದಳು. ಮೊದಲೂ ಒಂಟಿಯಾಗಿಯೇ ಇದ್ದಳು. ಈಗ ಆ ಒಂಟಿತನಕ್ಕೆ ಅವನ ಮುಖ ಬಂದಿತ್ತು.

ಕೊನೆಗೆ ಬೆಳ್ಳಿಯ ಬದಲು, ಒಳಗಿಳಿಯದ ಪ್ಲಾಟಿನಂ ಹಾಕಿ ತಾನೇ ಅಳೆದಳು. ಪದರ ಎಲ್ಲವನ್ನೂ ಮರೆತಿತ್ತು. ನೇರ ಮುಖ್ಯಸ್ಥರ ಕೋಣೆಗೆ ಹೋಗಿ ತಪ್ಪಾಗಿದೆ ಎಂದಳು. ಅವರು ನಿಟ್ಟುಸಿರು ಬಿಟ್ಟರು. "ಮತ್ತೆ ಶುರು ಮಾಡಿ. ಎಷ್ಟು ದಿನ ನಿಮ್ಮನ್ನ ಉಳಿಸ್ಕೋಬಹುದೋ, ಹೇಳೋಕಾಗಲ್ಲ."

ಹೊರಬಂದರೆ ಮೌನಿ ತನ್ನ ಮೇಜು ಖಾಲಿ ಮಾಡುತ್ತಿದ್ದ. ಅವನ ಅವಧಿ ಮುಗಿದು, ದೂರದ ಊರಿನಲ್ಲಿ ಬೇರೆ ಕೆಲಸ ಸಿಕ್ಕಿದ್ದು ಅವಳ ಕಿವಿಗೂ ಬಿದ್ದಿತ್ತು.

"ನೀವು ಹೇಳಿದ್ದೇ ನಿಜ. ಒಳಗೆ ಹೇಳಿ ಬಂದೆ" ಎಂದಳು.

"ಗೊತ್ತಾಯ್ತು. ನಿಮ್ಮ ಮುಖದಲ್ಲೇ ಇದೆ."

"ಅಷ್ಟೊಂದು ನೋಡಿದೀರಾ?"

"ನೀವು ನೋಡದೆ ಇದ್ದಾಗೆಲ್ಲ."

ಅವಳ ಕಣ್ಣು ತುಂಬಿತು. "ಹೋಗಬೇಡಿ ಅನ್ನಬೇಕು ಅಂತಿತ್ತು. ತಡ ಮಾಡ್ಬಿಟ್ಟೆ."

"ಹೋಗಲೇಬೇಕು. ಒಪ್ಕೊಂಡಾಗಿದೆ." ಅವನು ಚೀಲ ಹೆಗಲಿಗೇರಿಸಿದ. "ಬರ್ತೀನಿ."

"ಹೋಗೋರೆಲ್ಲ ಹಾಗೇ ಅಂತಾರೆ."

"ನಾನು ಬರ್ತೀನಿ ಕಣೇ."

ಇಷ್ಟು ದಿನ 'ನೀವು' ಎಂದವನ ಬಾಯಲ್ಲಿ 'ಕಣೇ' ಕೇಳಿ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವನ ಕೈ ಹಿಡಿದಳು. ಬಸ್ ನಿಲ್ದಾಣದವರೆಗೂ ಬಿಡಲಿಲ್ಲ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅವಳು ಅಲ್ಲೇ ನಿಂತಿದ್ದಳು, ಬಿಸಿ ಆರದಿರಲೆಂದು ಅಂಗೈ ಮುಚ್ಚಿಕೊಂಡು.