ಉರಿಗಣ್ಣನ ದೀಪ ಒಡೆದ ಇರುಳು

ನಮ್ಮ ಅಜ್ಜನ ಅಜ್ಜನಿಗೂ ಹಲ್ಲು ಮೂಡಿರದ ಕಾಲ. ಕಡಲಂಚಿನಲ್ಲಿ ಹೊಂಬೆಳಗೂರು ಅಂತ ಒಂದು ರಾಜ್ಯವಿತ್ತು. ಅಲ್ಲಿಗೆ ಉರಿಗಣ್ಣನೆಂಬ ಮಾಯಾವಿ ಬಂದು, ಅರಮನೆಯ ಗೋಪುರಕ್ಕೆ ಆರದ ದೀಪವೊಂದನ್ನು ತೂಗುಹಾಕಿದ. ಆ ಬೆಳಕಿಗೆ ಆಕಾಶದ ಚುಕ್ಕಿಗಳೆಲ್ಲ ಅಳಿಸಿಹೋದವು. ಚುಕ್ಕಿ ನೋಡಿ ದಾರಿ ಹಿಡಿಯುವ ದೋಣಿಗಳು ಕಡಲಲ್ಲೇ ಅಲೆದವು. ಪುಟ್ಟ ಚಂಪಿಯ ಅಪ್ಪ ದೋಣಿಯೇರಿ ಹೋಗಿ ಮೂರು ತಿಂಗಳಾಗಿತ್ತು.

ಕ್ಷೌರದ ರಾಚಪ್ಪನಿಗೆ ಚುಕ್ಕಿಗಳ ಹುಚ್ಚು. ಹಗಲು ಗಡ್ಡ ಹೆರೆಯುವುದು, ಬಿಡುವಾದರೆ ಗಾಜು ಉಜ್ಜುವುದು. ಹಾಗೆ ಉಜ್ಜಿ ಉಜ್ಜಿ ಬಿದಿರಿನ ದುರ್ಬೀನು ಮಾಡಿದ್ದ. ಯಾವ ಚುಕ್ಕಿ ಎಲ್ಲಿ ಅಂತ ಬರೆದ ಓಲೆ ಅವನ ಬಳಿಯಿತ್ತು. ಅದರ ಕೊನೆಯಲ್ಲಿ ಮಾಯೆ ಮುರಿಯುವ ಬಗೆಯೂ ಇತ್ತು: ನಲವತ್ತು ಜನ ಕತ್ತಲಲ್ಲಿ ಕೂತು, ಕಣ್ಣು ಪಳಗಿದ ಮೇಲೆ ಒಂದೇ ಒಂದು ಚುಕ್ಕಿ ಕಂಡರೆ ದೀಪ ಒಡೆಯುತ್ತದೆ. ನಡುವೆ ಯಾರಾದರೂ ಕಿಡಿ ಹೊತ್ತಿಸಿದರೆ ಚುಕ್ಕಿಗಳು ಇನ್ನೆಂದೂ ಇಲ್ಲ.

ರಾಚಪ್ಪನೂ ಅವನ ಗೆಳತಿ ಕುಂಬಾರರ ಗೌರಕ್ಕನೂ ಸಾಲೆಯ ಮಕ್ಕಳನ್ನು, ಅವರ ಮನೆಯವರನ್ನು ಗುಡ್ಡದ ಹಿಂದಿನ ತಗ್ಗಿಗೆ ಕರೆದರು. ಅಲ್ಲಿಗೆ ದೀಪದ ಬೆಳಕು ನೇರ ಬೀಳುತ್ತಿರಲಿಲ್ಲ. ಎಲ್ಲ ಸೇರಿ ನಲವತ್ತು ಜನರಾದರು.

"ಲೇ ರಾಚಾ, ಕತ್ತಲಲ್ಲಿ ಕೂರೋಕೆ ಇಷ್ಟು ದೂರ ನಡೆಸಿದೆಯಾ?" ಅಂತ ತಿರುಕಜ್ಜಿ ಗೊಣಗಿದಳು.

"ಕಣ್ಣು ಪಳಗಲಿ ತಡಿಯಜ್ಜಿ."

ಉರಿಗಣ್ಣ ಮೊದಲು ಮೈ ಕಾಣದ ಹುಲಿಯೊಂದನ್ನು ಕಳಿಸಿದ. ಅದರ ಗರ್ಜನೆಗೆ ಮಕ್ಕಳು ತಾಯಂದಿರ ಸೆರಗೊಳಗೆ ನುಗ್ಗಿದರು. "ಮಗ್ಗಿ ಹೇಳ್ರೋ!" ಅಂದಳು ಗೌರಕ್ಕ. ಏಳರ ಮಗ್ಗಿ ಮುಗಿಯುವಷ್ಟರಲ್ಲಿ ಹುಲಿ ಆಕಳಿಸುತ್ತಾ ಹೊರಟುಹೋಯಿತು.

ಎರಡನೆಯದಾಗಿ ಒಂದು ದನಿ ಕಳಿಸಿದ. "ಚಂಪೀ, ನಾನು ಕಣೇ, ನಿಮ್ಮಪ್ಪ. ದಾರಿ ಕಾಣ್ತಿಲ್ಲ. ಒಂದು ಪಂಜು ಹೊತ್ತಿಸು ಮಗಾ." ಚಂಪಿ ಬಿಕ್ಕಿದಳು. "ನಮ್ಮಪ್ಪ ಪಂಜು ಕೇಳಲ್ಲ. ಚುಕ್ಕಿ ಕೇಳ್ತಾನೆ."

ರಾಚಪ್ಪ ಧ್ರುವ ನಕ್ಷತ್ರ ಇರಬೇಕಾದ ಕಡೆಗೆ ದುರ್ಬೀನು ನೆಟ್ಟು ಕೂತಿದ್ದ. ಮೂರನೆಯದಾಗಿ ಉರಿಗಣ್ಣ ಅವನ ಕಿವಿಗೇ ಬಂದು ಪಿಸುಗುಟ್ಟಿದ. "ಧ್ರುವ ಇರೋದು ಅಲ್ಲೇನಾ? ನಾಲ್ಕು ಬೆರಳು ಎಡಕ್ಕಲ್ವಾ? ಓಲೆ ನೋಡಿಬಿಡು."

ರಾಚಪ್ಪ ದುರ್ಬೀನು ಬಿಟ್ಟು ಚಕಮಕಿ ಕಲ್ಲಿಗೆ ಕೈಹಾಕಿದ. ಪಕ್ಕದಲ್ಲಿದ್ದ ಚಂಪಿ ಕೈ ಹಿಡಿದಳು.

"ಏನ್ ಮಾಡ್ತಿದೀಯ ಮಾಮ?"

"ಓಲೇಲಿ ಒಂದ್ಸಲ ನೋಡ್ಕೊಂಡು..."

"ಕಿಡಿ ಬೇಡ ಅಂದೋನು ನೀನೇ ಅಲ್ವಾ?"

"ತಪ್ಪು ಕಡೆ ತೋರಿಸಿದ್ರೆ ಊರೇ ನಗುತ್ತೆ ಮಗೂ."

"ನಗಲಿ ಬಿಡು. ಎಲ್ಲಿದ್ರೂ ನಾವೇ ಹುಡುಕ್ತೀವಿ."

ರಾಚಪ್ಪ ಕಲ್ಲನ್ನು ದೂರ ಎಸೆದ. ಎಲ್ಲರೂ ತಲೆಯೆತ್ತಿದರು. ಎಷ್ಟೋ ಹೊತ್ತು ಬರೀ ಬೂದಿಬಣ್ಣ.

"ಅಗೋ ಅಲ್ಲಿ, ಸಾಸಿವೆಯಷ್ಟು!" ಅಂತ ಕೂಗಿದಳು ತಿರುಕಜ್ಜಿ.

ದುರ್ಬೀನು ನೆಟ್ಟಿದ್ದು ಬೇರೆಯೇ ದಿಕ್ಕಿಗೆ! ರಾಚಪ್ಪನೇ ಮೊದಲು ನಕ್ಕ. ನಲವತ್ತು ಜೊತೆ ಕಣ್ಣು ಆ ಚುಕ್ಕಿಯನ್ನು ಕಂಡವು. ಗೋಪುರದ ದೀಪ ಠಳ್ಳೆಂದು ಒಡೆಯಿತು. ಉರಿಗಣ್ಣ ಬೂದಿಯಾಗಿ ಗಾಳಿಗೆ ಹಾರಿದ. ಆಕಾಶದ ತುಂಬ ಚುಕ್ಕಿಗಳು ಹರಡಿಕೊಂಡವು.

ಬೆಳಗಿನ ಜಾವ ದೋಣಿಗಳು ದಡ ಮುಟ್ಟಿದವು. ಚಂಪಿಯ ಅಪ್ಪ ಹುಡುಕುತ್ತಾ ತಗ್ಗಿಗೆ ಬಂದಾಗ ನಲವತ್ತು ಜನವೂ ಮುಗಿಲಿಗೆ ಮುಖಮಾಡಿ ಗೊರಕೆ ಹೊಡೆಯುತ್ತಿದ್ದರು. ಒಬ್ಬೊಬ್ಬರನ್ನೂ ಮೆಲ್ಲಗೆ ದಾಟಿ ಹೋಗಿ ಮಗಳ ಪಕ್ಕ ಮಲಗಿಕೊಂಡ. ಆ ರಾಜ್ಯದಲ್ಲಿ ಆಮೇಲೆ ಯಾರಿಗೂ ದಾರಿ ತಪ್ಪಲಿಲ್ಲ, ಎಲ್ಲರೂ ತಣ್ಣಗೆ ಬಾಳಿದರು.