ಅಣ್ಣ ಬರೋ ಹೊತ್ತಿಗೆ ನೆಗಡಿ

ಕೇಳಿ ಇಲ್ಲಿ, ಅರ್ಧಕ್ಕೇ ಎದ್ದು ಹೋಗ್ಬೇಡಿ. ಬಟನ್‌ಗೆ ಈಗಷ್ಟೇ ಒಂದು ಸೀನು ಬಂತು, ಅದಕ್ಕೇ ಅವಳಿಗೆ ಮನೆಗೆ ಹೋಗೋಕೇ ಭಯ.

ಸ್ಕೂಲಿಂದ ಬಂದವಳು ಮೆಟ್ಟಿಲ ಕೆಳಗೇ ನಿಂತುಬಿಟ್ಟಿದ್ಲು. ಮೂಗು ಒದ್ದೆ, ಗಂಟಲಲ್ಲಿ ಕೆರೆತ. ಮೇಲೆ ಅಮ್ಮ ಸ್ವಿಚ್ಚು, ನಲ್ಲಿ, ಕಿಟಕಿ ಎಲ್ಲಾ ಸೋಪು ಹಾಕಿ ಉಜ್ಜೋ ಸದ್ದು. ಇನ್ನೇನು ಅಣ್ಣ ಆಸ್ಪತ್ರೆಯಿಂದ ಬರ್ತಾನೆ.

ಬಟನ್ ಅನ್ನೋದು ಅಣ್ಣ ಇಟ್ಟ ಹೆಸರು. ಅಪ್ಪ ಟೈಲರ್. ಕೆಳಗೆ ಅಂಗಡಿ, ಮೇಲೆ ಮನೆ. ಅವಳು ಚಿಕ್ಕವಳಿದ್ದಾಗ ಶರ್ಟಿನ ಬಟನ್ ನುಂಗಿ ಎಲ್ಲರನ್ನೂ ಓಡಾಡಿಸಿದ್ಲು.

ಅಣ್ಣನ ಕಾಯಿಲೆ ಗೊತ್ತಾಗಿದ್ದೂ ಅಂಗಡೀಲೇ. ಹೊಸ ಶರ್ಟಿಗೆ ಅಪ್ಪ ಕತ್ತಿನ ಅಳತೆ ತಗೋತಿದ್ರು. ಟೇಪು ಒಂದು ಕಡೆ ಉಬ್ಬಿ ನಿಂತಿತು.

"ಏನೋ ಇದು, ಗಂಟು?"

"ನೋವಿಲ್ಲ ಬಿಡಪ್ಪ. ತಾನಾಗೇ ಹೋಗತ್ತೆ."

ಹೋಗಲಿಲ್ಲ. ರಾತ್ರಿ ಬನಿಯನ್ ಹಿಂಡೋ ಹಾಗೆ ಬೆವರ್ತಿದ್ದ. ಪ್ಯಾಂಟು ಜಾರೋಕೆ ಶುರುವಾಯ್ತು. ಅಪ್ಪ ಒಂದು ಸಲ ಸೊಂಟ ಟೈಟ್ ಮಾಡಿ ಹೊಲಿದುಕೊಟ್ರು, ಆಮೇಲೆ ಇನ್ನೊಂದು ಸಲ. ಮತ್ತೆ ಹೊಲಿಯೋಕೆ ಕೂತವರು, ಪ್ಯಾಂಟನ್ನ ಹಾಗೇ ಮೆಷಿನ್ ಮೇಲೆ ಬಿಟ್ಟು ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು.

ಮುಟ್ಟಿ ನೋಡಿದ್ರೆ ಏನೂ ಹೇಳೋಕಾಗಲ್ಲ ಅಂದ್ರು ಡಾಕ್ಟರಮ್ಮ. ಗಂಟನ್ನ ತೆಗೆದು ಮೈಕ್ರೋಸ್ಕೋಪಲ್ಲಿ ನೋಡಿದ್ರು. ಅದಕ್ಕೆ ಬಯಾಪ್ಸಿ ಅಂತಾರೆ. ಆಮೇಲೆ ಹೆಸರು ಬಂತು, ಲಿಂಫೋಮಾ. ಅದೊಂದು ಥರದ ಕ್ಯಾನ್ಸರ್. ಇನ್ನೆಲ್ಲೆಲ್ಲಿ ಹಬ್ಬಿದೆ ಅಂತ ನೋಡೋಕೆ ಇಡೀ ಮೈಗೆ ಸ್ಕ್ಯಾನ್ ಮಾಡಿದ್ರು. ಎದೇಲೂ ಇತ್ತು.

"ಸೋಂಕಿನ ಜೊತೆ ಹೋರಾಡೋಕೆ ಅಂತ ರಕ್ತದಲ್ಲಿ ಬಿಳಿ ಕಣ ಇರತ್ತೆ," ಡಾಕ್ಟರಮ್ಮ ಬಟನ್‌ನ ಪಕ್ಕದಲ್ಲೇ ಕೂರಿಸ್ಕೊಂಡು ಹೇಳಿದ್ರು. "ಅದ್ರಲ್ಲಿ ಕೆಲವು ಕೆಟ್ಟು, ಸಿಕ್ಕಾಪಟ್ಟೆ ಬೆಳೆದಿವೆ. ಕೀಮೋ ಅಂತ ಔಷಧಿ ಡ್ರಿಪ್ಪಲ್ಲಿ ಬಿಡ್ತೀವಿ. ಕೆಟ್ಟವನ್ನ ಸಾಯಿಸತ್ತೆ. ಜೊತೆಗೆ ಒಳ್ಳೇವೂ ಒಂದಷ್ಟು ಸಾಯ್ತವೆ."

"ವಾಸಿ ಆಗತ್ತಾ?"

"ತುಂಬಾ ಜನಕ್ಕೆ ಆಗತ್ತೆ."

"ಅಣ್ಣಂಗೆ?"

ಡಾಕ್ಟರಮ್ಮ ಪೆನ್ನಿನ ಕ್ಯಾಪ್ ತೆಗೆದ್ರು, ಹಾಕಿದ್ರು. "ಅದಕ್ಕೇ ಒದ್ದಾಡ್ತಿದೀವಿ ಕಣಮ್ಮ."

"ಅದು ನಂಗೂ ಅಂಟತ್ತಾ?"

"ಇಲ್ಲ. ಅವನದು ನಿಂಗೆ ಅಂಟಲ್ಲ. ಆದ್ರೆ ನಿನ್ನ ನೆಗಡಿ ಅವನಿಗೆ ಅಂಟತ್ತೆ. ನಿಂಗೆ ಅದು ಬರೀ ಮೂಗು ಸೋರೋದು. ಅವನಿಗೆ ಈಗ ಜ್ವರ ಬಂದ್ರೆ ಜೀವಕ್ಕೇ ಅಪಾಯ."

ನಿನ್ನೆ ಅಣ್ಣ ಫೋನ್ ಮಾಡಿದ್ದ. "ಬಟನ್, ಚೆಸ್ ಬೋರ್ಡ್ ಜೋಡಿಸಿಡು. ಗೋಡೆ ನೋಡಿ ನೋಡಿ ತಲೆ ಕೆಟ್ಟೋಗಿದೆ."

"ಕೂದಲೇ ಇಲ್ವಂತೆ, ಇನ್ನು ತಲೇಲಿ ಕೆಡೋಕೆ ಏನಿದೆ?"

ಅಣ್ಣ ನಕ್ಕ. ನಗು ಕೆಮ್ಮಾಯ್ತು. "ನಾಕೇ ದಿನ ಕಣೇ ಮನೇಲಿ ಇರೋದು. ಆಮೇಲೆ ಮತ್ತೆ ಡ್ರಿಪ್ಪು. ಎಲ್ಲೂ ಹೋಗ್ಬೇಡ."

ಬಟನ್ ಮೂಗು ಒರೆಸ್ಕೊಂಡು ಮೆಟ್ಟಿಲು ಹತ್ತಿದ್ಲು.

"ಕೈ ತೊಳ್ಕೋ," ಅಂದ್ರು ಅಮ್ಮ, ತಲೆ ಎತ್ತದೆ. "ಕೆಮ್ಮು ಗಿಮ್ಮು ಏನೂ ಇಲ್ಲ ತಾನೇ?"

"ಇಲ್ಲ."

ಎಷ್ಟು ಸಲೀಸಾಗಿ ಬಂದುಬಿಡ್ತು ಆ ಮಾತು!

ಅಣ್ಣನ ರೂಮಲ್ಲಿ ಹೊಸದಾಗಿ ಒಗೆದ ಹಾಸಿಗೆ ಬಟ್ಟೆ. ಬಟನ್ ಮಂಚದ ಮೇಲೆ ಬೋರ್ಡಿಟ್ಟು ಕಾಯಿ ಜೋಡಿಸ್ತಿದ್ಲು. ಆನೆ, ಕುದುರೆ... ತಡೆಯೋದ್ರೊಳಗೆ ಇನ್ನೊಂದು ಸೀನು ಬಂತು. ಸೀದಾ ದಿಂಬಿನ ಮೇಲೆ.

ಬಾಗಿಲ ಕಡೆ ನೋಡಿದ್ಲು. ಅಮ್ಮ ಅಡುಗೆಮನೇಲಿದ್ರು. ಯಾರೂ ನೋಡಿರಲಿಲ್ಲ. ದಿಂಬೂ ಬೆಳ್ಳಗೆ, ಏನೂ ಆಗೇ ಇಲ್ಲ ಅನ್ನೋ ಹಾಗಿತ್ತು. ಅಣ್ಣ ಬಂದು ಕೆನ್ನೆ ಇಡೋದು ಅಲ್ಲೇ.

"ಅಮ್ಮಾ," ಅಂದ್ಲು. ಅಡುಗೆಮನೆಗೆ ಕೇಳಿಸಲಿಲ್ಲ. ಮತ್ತೆ ಕೂಗಿದ್ಲು. "ಅಮ್ಮಾ, ದಿಂಬಿನ ಬಟ್ಟೆ ಬದಲಾಯಿಸ್ಬೇಕು. ನಂಗೆ ನೆಗಡಿ."

ಅಮ್ಮ ಬೈದಿದ್ರೆ ಚೆನ್ನಾಗಿರ್ತಿತ್ತು. ಬೈಲಿಲ್ಲ. ಒಂದೇ ಸಮ ಹಾಸಿಗೆ ಬಟ್ಟೆ ಕಿತ್ರು, ಚೆಸ್ ಕಾಯೆಲ್ಲಾ ಸೋಪಿನ ನೀರಿಗೆ ಹಾಕಿದ್ರು, ಚಿಕ್ಕಮ್ಮಂಗೆ ಫೋನ್ ಮಾಡಿದ್ರು. "ಇವಳನ್ನ ಸ್ವಲ್ಪ ದಿನ ಕರ್ಕೊಂಡು ಹೋಗೇ."

ಚಿಕ್ಕಮ್ಮ ಬರೋ ತನಕ ಅಂಗಡೀಲಿ ಕೂರು ಅಂದ್ರು. ಅಷ್ಟರಲ್ಲಿ ಟ್ಯಾಕ್ಸಿ ಬಂತು.

ಗಾಜಿನ ಬಾಗಿಲಾಚೆ ಅಪ್ಪ ಅಣ್ಣನ ತೋಳು ಹಿಡಿದು ಇಳಿಸಿದ್ರು. ಮಾಸ್ಕ್ ಮೇಲೆ ಬರೀ ಕಣ್ಣು ಕಾಣ್ತಿತ್ತು. ಅಮ್ಮ ಹತ್ರ ಹೋಗಿ ಏನೋ ಹೇಳಿದ್ರು. ಅಣ್ಣ ಅಂಗಡಿ ಕಡೆ ತಿರುಗಿದ. ಬಟನ್ ಕೈ ಬೀಸಿದ್ಲು.

ಅವನು ಬೀಸಲಿಲ್ಲ. ಮುಖ ತಿರುಗಿಸ್ಕೊಂಡು ಮೆಟ್ಟಿಲು ಹತ್ತೋಕೆ ಶುರುಮಾಡಿದ.

ಕೋಪ ಬಂದಿದೆ, ಅಂದ್ಕೊಂಡ್ಲು ಬಟನ್. ಆದ್ರೆ ಅವನು ಮಧ್ಯದಲ್ಲೇ ಗೋಡೆಗೆ ಹಣೆ ಕೊಟ್ಟು ನಿಂತ. ಅಳು ತಡೆಯೋಕಾಗದೆ ಭುಜ ಅಲುಗ್ತಿತ್ತು. ಅಪ್ಪ ಪಕ್ಕದಲ್ಲೇ ನಿಂತು, ನೋಡದವರ ಹಾಗೆ ಬೀದಿ ನೋಡ್ತಿದ್ರು.

ಬಟನ್ ಎತ್ತಿದ ಕೈ ಇಳಿಸಿದ್ಲು. ಅಣ್ಣ ಮತ್ತೆ ಈ ಕಡೆ ತಿರುಗಿದ್ರೆ ಅವನಿಗೆ ನಾಚಿಕೆ ಆಗ್ಬಾರದು ಅಂತ, ತಾನೇ ಬೆನ್ನು ತಿರುಗಿಸ್ಕೊಂಡು ಬಟ್ಟೆ ರಾಶಿ ಹತ್ರ ಕೂತ್ಲು.

ಆ ದಿಂಬಿನ ಮೇಲೆ ಸೀನಿದ್ದನ್ನ ಯಾರೂ ನೋಡಿರಲಿಲ್ಲ, ನೆನಪಿರಲಿ. ನೀವಾಗಿದ್ರೆ ಏನ್ ಮಾಡ್ತಿದ್ರಿ?