ಹಿಂದಿನಿಂದ ಹಿಡಿದ ಕೈ

ಬೆಯಾಟ್‌ನನ್ನು ಮಣ್ಣು ಮಾಡಿದ ದಿನ ಕೋಬಿ ಅವನ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ.

"ವ್ರೇನಿ, ನಿನ್ನ ಮಗ ದೊಡ್ಡವನಾಗಿ ಬಂದು ನನ್ನ ಕಾಲು ಹಿಡಿದ್ರೂ ನಾನು ಕಲಿಸಲ್ಲ. ಈ ಕಣಿವೆಯಲ್ಲಿ ಕಲಿಸಬಲ್ಲೋರು ಇನ್ಯಾರೂ ಕಲಿಸದ ಹಾಗೆ ನೋಡ್ಕೋತೀನಿ."

ಬಂಡೆಯಿಂದ ಜಿಗಿದು ಪ್ಯಾರಾಚೂಟ್ ಬಿಚ್ಚುವ ಆಟದಲ್ಲಿ ಬೆಯಾಟ್ ಸತ್ತಿದ್ದ. ಕೋಬಿ ಅವನ ಜೊತೆಗಾರ. ಮಗ ಸೆವೆರಿನ್ ಆಗ ಅಮ್ಮನ ಕೋಟಿನ ಅಂಚು ಹಿಡಿದುಕೊಂಡು ನಿಂತಿದ್ದ.

ಅದೇ ಸೆವೆರಿನ್, ಇಪ್ಪತ್ತು ದಾಟಿದ ಮೇಲೆ, ಸೆಪ್ಟೆಂಬರಿನ ಒಂದು ಬೆಳಿಗ್ಗೆ ಲೌಟರ್‌ಬ್ರುನ್ನೆನ್ ಕಣಿವೆಯ ಪಡುವಣ ಬಂಡೆಯ ಬುಡದಲ್ಲಿ ಸತ್ತು ಬಿದ್ದಿದ್ದ.

ಮೊದಲು ನೋಡಿದವಳು ಆ ಹುಲ್ಲುಗಾವಲಿನ ಒಡತಿ ಹೆದಿ.

"ಬೈಯೋಕೆ ಅಂತ ಹೋದೆ ಕಣಮ್ಮ," ಎಂದಳು ಪೊಲೀಸ್ ಅಧಿಕಾರಿ ರೇಗುಲಾಳಿಗೆ. "ಕೊಯ್ಯದೇ ಇರೋ ಹುಲ್ಲಲ್ಲಿ ಇಳಿಬೇಡ್ರೋ ಅಂತ ಎಷ್ಟು ಹೇಳಿದ್ರೂ ಈ ಹಾರೋ ಹುಡುಗ್ರು ಕೇಳಲ್ಲ. ದೂರದಿಂದಲೇ ಬೈತಾ ಹೋದೆ. ಹತ್ರ ಹೋಗೋ ತನಕ ಬೈತಾನೇ ಇದ್ದೆ."

ಆಮೇಲೆ ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡಳು.

ರೇಗುಲಾ ಮಂಡಿಯೂರಿ ಕೂತು ನೋಡಿದಳು. ದೊಡ್ಡ ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಂಡಿತ್ತು. ಅದರ ಮುಂದಿನ ಅಂಚಿನ ಉದ್ದಕ್ಕೂ ಬಂಡೆಯ ಪಾಚಿ. ಅಂದರೆ ಬಿಚ್ಚಿದ ಕೂಡಲೇ ಅದು ಬಂಡೆಯತ್ತಲೇ ತಿರುಗಿ ಗುದ್ದಿದೆ. ಅದನ್ನು ಹೊರಗೆಳೆಯುವ ಮರಿ ಪ್ಯಾರಾಚೂಟ್ ತನ್ನ ಉದ್ದನೆಯ ಪಟ್ಟಿಯ ಸಮೇತ ಪಕ್ಕದಲ್ಲಿತ್ತು. ಹುಡುಗನ ಕೈಗಳಲ್ಲಿ ದಪ್ಪ ಉಣ್ಣೆಯ ಕೈಗವಸು. ಬೆರಳು ಬಿಡಿಸದ, ಚೀಲದಂಥವು.

"ತಕ್ಷಣ ಸತ್ತಿಲ್ಲ," ಎಂದರು ಡಾಕ್ಟರು. "ಸ್ವಲ್ಪ ಹೊತ್ತು ಉಸಿರಿತ್ತು. ಕೂಡಲೇ ಯಾರಾದ್ರೂ ಕರೆದಿದ್ರೆ ಉಳೀತಿದ್ನೇನೋ."

ರಕ್ಷಣೆಗೆ ಹೋಗುವ ಹೆಲಿಕಾಪ್ಟರಿನ ನಿಲ್ದಾಣ ಅಲ್ಲಿಂದ ಕಣ್ಣಳತೆಯ ದೂರ. ಜಿಗಿಯುವವರು ಯಾರೇ ಆದರೂ ಮೊದಲು ಅಲ್ಲಿಗೆ ಫೋನ್ ಮಾಡಿ, ಯಾರು, ಯಾವ ಬಂಡೆ ಅಂತ ಹೇಳಬೇಕು. ಕಣಿವೆಯಲ್ಲಿ ಇದನ್ನು ತಪ್ಪಿಸುವವರಿಲ್ಲ. ರೇಗುಲಾ ಅಲ್ಲಿಗೆ ಫೋನ್ ಮಾಡಿದಳು. ಆ ಬೆಳಿಗ್ಗೆ ಒಂದು ಕರೆಯೂ ಬಂದಿರಲಿಲ್ಲ.

ಅವಳು ಹುಡುಗನ ಬೆನ್ನಿನ ಚೀಲವನ್ನು ತಿರುಗಿಸಿದಳು. ಒಳಗಡೆ ಕೆಂಪು ದಾರದಲ್ಲಿ ಒಂದು ಹೆಸರು ಹೊಲಿದಿತ್ತು. ಕೋಬಿ ಜುರ್‌ಬುಖೆನ್.

* * *

"ಮತ್ಯಾರು? ಅವನೇ," ಎಂದಳು ವ್ರೇನಿ.

ಅಡುಗೆಮನೆಯಲ್ಲಿ ಕಾಫಿ ಆರುತ್ತಿತ್ತು. ಇಬ್ಬರೂ ಮುಟ್ಟಿರಲಿಲ್ಲ.

"ಅಷ್ಟು ವರ್ಷ ಮಾತು ಉಳಿಸ್ಕೊಂಡವನು ಈಗ ಯಾಕೆ ಮುರೀತಾನೆ ವ್ರೇನಿ?"

"ಸೆವೆರಿನ್ ಬಿಡ್ತಾ ಇರಲಿಲ್ಲ ಕಣೇ. ಪದೇ ಪದೇ ಅವನ ಬಾಗಿಲಿಗೆ ಹೋಗ್ತಿದ್ದ. ಬೇರೆಯವರ ಹತ್ರಾನೂ ಹೋದ. ಎಲ್ಲರೂ ಒಂದೇ ಮಾತು. ಕೋಬಿ ಬೇಡ ಅಂದಿದಾನೆ, ನಾವು ಮುಟ್ಟಲ್ಲ ಅಂತ." ಅವಳ ದನಿ ಗಡುಸಾಯಿತು. "ಆ ಬಂಡೆ ಹತ್ತಿಸೋ ಧೈರ್ಯ ಇರೋದು ಕೋಬಿಗೊಬ್ಬನಿಗೇ. ಚೀಲದ ಮೇಲೆ ಅವನ ಹೆಸರಿದೆ. ನಿನಗಿನ್ನೇನು ಬೇಕು?"

"ಆ ಕೈಗವಸು?"

"ಅವರಪ್ಪಂದು. ನಾನೇ ಹೆಣೆದಿದ್ದು. ಟ್ರಂಕಲ್ಲಿ ಇಟ್ಟಿದ್ದೆ. ಯಾವಾಗ ತಗೊಂಡ್ನೋ."

* * *

ಕೋಬಿ ತನ್ನ ಶೆಡ್ಡಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಯಂತ್ರ ಓಡುತ್ತಿರಲಿಲ್ಲ. ಸುದ್ದಿ ಆಗಲೇ ತಲುಪಿತ್ತು.

"ಬಾ ರೇಗುಲಾ. ಸ್ಕೂಲಲ್ಲಿ ಚಾಡಿ ಹೇಳ್ತಿದ್ದವಳು ನೀನು. ಈಗ ಅದಕ್ಕೇ ಸಂಬಳ ತಗೋತೀಯ."

"ಚೀಲ ನಿಂದು ಕೋಬಿ."

"ನಂದಾಗಿತ್ತು. ಹೋದ ವರ್ಷ ಬೇಕರಿಯ ಫ್ಲುರಿನ್‌ಗೆ ಕೊಟ್ಟೆ. ಹೊಸಬ. ಎರಡು ಬೇಸಿಗೆ ಹಾರಿದಾನೆ ಅಷ್ಟೆ."

"ಬೆಳಿಗ್ಗೆ ಎಲ್ಲಿದ್ದೆ?"

"ಇಲ್ಲೇ. ಸಾಕ್ಷಿ ಬೇಕಂದ್ರೆ ಬೆಕ್ಕನ್ನ ಕೇಳು."

ರೇಗುಲಾ ನಗಲಿಲ್ಲ. ಫೋನಿನಲ್ಲಿ ತೆಗೆದ ಚಿತ್ರಗಳನ್ನು ಅವನ ಮುಂದೆ ಹಿಡಿದಳು. ಕೋಬಿ ಒಂದೊಂದಾಗಿ ನೋಡಿದ. ಕೈಗಳ ಚಿತ್ರಕ್ಕೆ ಬಂದು ತಡೆದ. ಬಹಳ ಹೊತ್ತು ನೋಡಿದ.

"ಅವನು ಒಬ್ಬನೇ ಇರಲಿಲ್ಲ," ಎಂದ.

"ಯಾಕೆ?"

"ಒಬ್ಬನೇ ಜಿಗಿಯೋನು ಮರಿ ಪ್ಯಾರಾಚೂಟನ್ನ ತಾನೇ ಎಸೀಬೇಕು. ಈ ಕೈಗವಸು ಹಾಕ್ಕೊಂಡು ಅದನ್ನ ಮಡಚಿ ಹಿಡಿಯೋಕೇ ಆಗಲ್ಲ. ಯಾರೋ ಹಿಂದೆ ನಿಂತು ಹಿಡ್ಕೊಂಡಿದಾರೆ. ಹೊಸಬರಿಗೆ ನಾವು ಹಾಗೇ ಮಾಡೋದು, ನೇರ ಹಿಂದೆ ನಿಂತು ಬೆರಳ ತುದಿಯಲ್ಲಿ ಹಿಡಿದು. ಅವರು ಜಿಗೀತಾರೆ, ನಮ್ಮ ಕೈಲಿರೋ ಮರಿ ದೊಡ್ಡದನ್ನ ಎಳೆದು ಬಿಚ್ಚುತ್ತೆ, ಆಮೇಲೆ ನಾವು ಬಿಡ್ತೀವಿ."

"ಹೀಗೆ ಹೇಳಿ ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹಾಕ್ಕೋತಿದೀಯ. ಗೊತ್ತಾ?"

"ಗೊತ್ತು. ನೋಡಿದ್ದನ್ನ ಹೇಳ್ದೆ."

ರೇಗುಲಾ ಚಿತ್ರವನ್ನು ಇನ್ನೊಮ್ಮೆ ನೋಡಿದಳು. "ನೀನಾಗಿದ್ರೆ ಹೇಗೆ ಮಾಡ್ತಿದ್ದೆ?"

"ಈ ಬಂಡೆಗೆ ಕರ್ಕೊಂಡೇ ಬರ್ತಿರಲಿಲ್ಲ. ಮೊದಲು ವಿಮಾನದಿಂದ ಹಾರಿ ಹಾರಿ ಬೇಜಾರಾಗ್ಬೇಕು. ಆಮೇಲೆ ನೀರಿನ ಮೇಲಿನ ಸೇತುವೆ. ಅಲ್ಲಿ ಪ್ಯಾರಾಚೂಟ್ ಯಾವ ಕಡೆ ತಿರುಗಿದ್ರೂ ಗುದ್ದೋಕೆ ಗೋಡೆ ಇರಲ್ಲ. ಕೈ ತಾನಾಗೇ ಹೆಗಲ ಮೇಲಿರೋ ಹಿಂದಿನ ಪಟ್ಟಿ ಎಳೆದು ತಿರುಗಿಸೋದು ಕಲಿಬೇಕು. ಅಲ್ಲಿವರೆಗೆ ಬಂಡೆ ಇಲ್ಲ." ಅವನು ಫೋನನ್ನು ಬೋರಲು ಹಾಕಿದ. "ಕೈಗವಸನ್ನಂತೂ ನಾನೇ ಕಿತ್ತು ಬಿಸಾಕ್ತಿದ್ದೆ. ಅದರಲ್ಲಿ ಆ ಪಟ್ಟಿ ಸಿಗೋದೇ ಇಲ್ಲ."

ರೇಗುಲಾ ಎದ್ದಳು. "ನಿನ್ನ ಕೈ ತೋರ್ಸು."

ಅವನು ಎರಡೂ ಅಂಗೈ ಚಾಚಿದ. ಹಳೇ ಗೆರೆಗಳಿದ್ದವು. ಹೊಸದೊಂದೂ ಇರಲಿಲ್ಲ.

* * *

ಬೇಕರಿಯಲ್ಲಿ ಬೆಳಗಿನ ಗಿರಾಕಿಗಳು ಮುಗಿದಿದ್ದರು. ಫ್ಲುರಿನ್ ಖಾಲಿ ಬುಟ್ಟಿಗಳನ್ನು ಜೋಡಿಸುತ್ತಿದ್ದ. ಬಲಗೈಗೆ ಬ್ಯಾಂಡೇಜು.

"ಏನಾಯ್ತು ಕೈಗೆ?"

"ಒಲೆ ತಟ್ಟೆ ತಾಗಿತು ಮೇಡಂ. ನಮ್ಮ ಕೆಲಸದಲ್ಲಿ ದಿನಾ ಇದ್ದದ್ದೇ."

"ಕೋಬಿಯ ಚೀಲ ಎಲ್ಲಿ?"

"ಸೆವೆರಿನ್ ಕೇಳಿದ. ಕೊಟ್ಟೆ. ಒಬ್ಬನೇ ಹೋಗ್ತಾನೆ ಅಂತ ಗೊತ್ತಿರಲಿಲ್ಲ."

"ಬ್ಯಾಂಡೇಜು ಬಿಚ್ಚಪ್ಪ."

"ಯಾಕೆ?"

"ಬಿಚ್ಚು."

ಅವನು ನಿಧಾನವಾಗಿ ಸುತ್ತು ತೆಗೆದ. ಗಾಯ ಅಂಗೈಯಲ್ಲಿ ಶುರುವಾಗಿ, ಕೈಯ ಹಿಂಬದಿಯನ್ನು ಬಳಸಿ ಮತ್ತೆ ಅಂಗೈಗೆ ಬಂದಿತ್ತು. ಉದ್ದಕ್ಕೂ ಒಂದೇ ಅಗಲ.

"ತಟ್ಟೆ ತಾಗಿದ್ರೆ ಒಂದು ಕಡೆ ಸುಡುತ್ತೆ," ಎಂದಳು ರೇಗುಲಾ. "ಹೀಗೆ ಬಳೆ ತೊಡಿಸಲ್ಲ. ಇದು ಮರಿ ಪ್ಯಾರಾಚೂಟಿನ ಪಟ್ಟಿ. ಕೈಗೆ ಸುತ್ಕೊಂಡಿದ್ದೆ. ಸೆವೆರಿನ್ ಜಿಗಿದಾಗ ಅದು ನಿನ್ನ ಕೈ ಕೊರ್ಕೊಂಡು ಹೋಯ್ತು. ಕಲಿತವರು ಬೆರಳ ತುದಿಯಲ್ಲಿ ಹಿಡೀತಾರೆ. ಜಿಗಿಯೋನ ನೇರ ಹಿಂದೆ ನಿಲ್ತಾರೆ. ನೀನು ಎಲ್ಲಿ ನಿಂತಿದ್ದೆ?"

ಫ್ಲುರಿನ್ ಬುಟ್ಟಿಯ ಅಂಚು ಹಿಡಿದುಕೊಂಡ.

"ಪಕ್ಕದಲ್ಲಿ," ಎಂದ. "ಅವನ ಮುಖ ನೋಡ್ಬೇಕು ಅಂತ. ಅಷ್ಟು ಖುಷಿಯಾಗಿದ್ದ."

ಪಕ್ಕದಿಂದ ಎಳೆದದ್ದಕ್ಕೆ ಪ್ಯಾರಾಚೂಟ್ ಓರೆಯಾಗಿ ಬಿಚ್ಚಿತು. ಓರೆಯಾಗಿ ಬಿಚ್ಚಿದ್ದು ಬಂಡೆಯತ್ತ ತಿರುಗಿತು. ಅದನ್ನು ಆಚೆ ತಿರುಗಿಸಲು ಕೈಗವಸು ತೊಟ್ಟ ಸೆವೆರಿನ್‌ನ ಕೈಗೆ ಹೆಗಲ ಪಟ್ಟಿ ಸಿಗಲಿಲ್ಲ.

"ಹೆಲಿಕಾಪ್ಟರಿನವರಿಗೆ ಯಾಕೆ ಫೋನ್ ಮಾಡ್ಲಿಲ್ಲ? ಮೊದಲೂ ಇಲ್ಲ, ಆಮೇಲೂ ಇಲ್ಲ."

"ಹೆಸರು ಕೇಳ್ತಾರೆ ಮೇಡಂ. ಸೆವೆರಿನ್ ಅಂದ ತಕ್ಷಣ ಅವರು ಕೋಬಿಗೆ ಹೇಳ್ತಾರೆ. ಸೆವೆರಿನ್‌ಗೆ ಯಾರೂ ಕಲಿಸಬಾರದು ಅಂತ ಕಣಿವೆಗೆಲ್ಲಾ ಗೊತ್ತು. ಗೊತ್ತಾದ್ರೆ ನನ್ನ ಜೊತೆ ಇನ್ಯಾವತ್ತೂ ಯಾರೂ ಹಾರಲ್ಲ." ಅವನು ಅಳುತ್ತಿದ್ದ. "ಮೇಲಿಂದ ಕೂಗ್ದೆ. ಉತ್ತರ ಬರಲಿಲ್ಲ. ಸತ್ತಿದಾನೆ ಅನ್ಕೊಂಡೆ. ಓಡಿ ಬಂದು ಹಿಟ್ಟು ಕಲಸೋಕೆ ನಿಂತ್ಬಿಟ್ಟೆ."

"ಸತ್ತಿರಲಿಲ್ಲ ಅವನು."

ಫ್ಲುರಿನ್ ಕೆಳಗೆ ಕೂತ.

"ನೀನಾದ್ರೂ ಯಾಕೆ ಒಪ್ಕೊಂಡೆಯೋ?"

"ಯಾರೂ ಒಪ್ಪಲಿಲ್ವಲ್ಲ ಮೇಡಂ. ಇಂಟರ್ನೆಟ್ಟಲ್ಲಿ ನೋಡಿ ಒಬ್ಬನೇ ಹಾರ್ತೀನಿ ಅಂತಿದ್ದ. ಒಬ್ಬನೇ ಹೋಗೋದಕ್ಕಿಂತ ನಾನಿರೋದು ವಾಸಿ ಅನ್ನಿಸ್ತು."

* * *

ಮಧ್ಯಾಹ್ನ ರೇಗುಲಾ ವ್ರೇನಿಯ ಮನೆಗೆ ಮರಳಿ ಹೋದಳು. ಕೋಬಿಯೂ ಬಂದಿದ್ದ. ಒಳಗೆ ಕರೆಯುವವರಿಲ್ಲದೆ ಹೊಸ್ತಿಲಾಚೆ ನಿಂತಿದ್ದ. ರೇಗುಲಾ ಇಬ್ಬರಿಗೂ ಕೇಳುವ ಹಾಗೆ ಎಲ್ಲವನ್ನೂ ಹೇಳಿದಳು. ಕೈಗವಸು, ಪಟ್ಟಿಯ ಗಾಯ, ಮಾಡದ ಫೋನು. ಫ್ಲುರಿನ್ ಠಾಣೆಯಲ್ಲಿದ್ದಾನೆ ಎಂದಳು.

ವ್ರೇನಿ ಕೋಬಿಯ ಮುಖ ನೋಡಿದಳು.

"ನೀನಲ್ಲ."

"ನಾನಲ್ಲ."

"ಅವನು ಬಂದು ಕೇಳ್ದಾಗ ಏನಂದೆ?"

"ಅಮ್ಮನಿಗೆ ಮಾತು ಕೊಟ್ಟಿದೀನಿ, ಹೋಗು ಅಂದೆ. ಕೊನೇ ಸಲ ಬಾಗಿಲೂ ತೆಗೀಲಿಲ್ಲ. ಹೊರಗೇ ನಿಂತಿದ್ದ."

"ನೀನು ಕಲಿಸಿದ್ದಿದ್ರೆ?"

"ವರ್ಷಗಟ್ಟಲೆ ಸತಾಯಿಸ್ತಿದ್ದೆ. ಅರ್ಧಕ್ಕೇ ಬಿಟ್ಟರೂ ಬಿಡ್ತಿದ್ದ. ಬಿಡದೇ ಇದ್ರೆ, ಹಿಂದೆ ನಾನು ನಿಂತಿರ್ತಿದ್ದೆ."

"ಆ ಮಾತು ಕೇಳ್ದವಳು ನಾನೇ," ಎಂದಳು ವ್ರೇನಿ. "ನೀನಾಗಿ ಕೊಟ್ಟಿದ್ದಲ್ಲ. ಅವತ್ತು ನಿನ್ನ ಅಂಗಿ ಹಿಡ್ಕೊಂಡು ಹೇಳಿಸಿದ್ದೆ."

ವ್ರೇನಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕೋಬಿ ಒಳಗೆ ಬಂದು ಕೂತ.

ಕೋಬಿ ತಾನು ಕಲಿಸಲಿಲ್ಲ. ಕಣಿವೆಯಲ್ಲಿ ಕಲಿಸಬಲ್ಲವರು ಯಾರೂ ಕಲಿಸಲಿಲ್ಲ. ಕೊಟ್ಟ ಮಾತನ್ನು ಅವನು ಉಳಿಸಿಕೊಂಡಿದ್ದ.